ತಿದ್ದುಪುಸ್ತಕದ ಮುಂದೆ ಹಿರಿಯರು: ಶು ಬಿಂಗ್ ಅವರ ‘ಚೌಕಪದ’ ತರಗತಿಯನ್ನು ಕುರಿತು

ಕಲಾಸಂಗ್ರಹಾಲಯದ ಒಂದು ಕೋಣೆ. ಗೋಡೆಗೆ ತೂಗುಹಾಕಿದ ವರ್ಣಚಿತ್ರವಿಲ್ಲ, ಪೀಠದ ಮೇಲೆ ನಿಂತ ಶಿಲ್ಪವಿಲ್ಲ. ಶಾಲೆಯ ತರಗತಿಯಲ್ಲಿರುವಂತೆ ಮೇಜು ಕುರ್ಚಿಗಳು ಸಾಲಾಗಿವೆ. ಮೇಜುಗಳ ಮೇಲೆ ಕುಂಚ, ಮಸಿ ಮತ್ತು ತಿದ್ದುಪುಸ್ತಕ. ಕುಂಚವನ್ನು ಹೇಗೆ ಹಿಡಿಯಬೇಕು, ಗೆರೆಯನ್ನು ಎಲ್ಲಿ ಆರಂಭಿಸಿ ಎಲ್ಲಿ ನಿಲ್ಲಿಸಬೇಕು ಎಂಬ ಪಾಠ ಒಂದು ಪರದೆಯ ಮೇಲೆ ನಡೆಯುತ್ತಿರುತ್ತದೆ. ನೋಡಲು ಬಂದವರು ಕುಳಿತು ತಿದ್ದತೊಡಗುತ್ತಾರೆ. ತಮಗೆ ಬಾರದ ಚೀನೀ ಲಿಪಿಯೆಂದು ಭಾವಿಸಿ ತಿದ್ದುತ್ತಿರುವಾಗಲೇ ಆ ಗೆರೆಗಳ ಗೋಜಲಿನಿಂದ ಒಂದು ಇಂಗ್ಲಿಷ್ ಪದ ಎದ್ದು ಬರುತ್ತದೆ; ಅದರ ಬೆನ್ನಿಗೇ ಇನ್ನೊಂದು. ತಾವು ಬರೆಯುತ್ತಿರುವುದು ಇಂಗ್ಲಿಷ್ ಮಾತನಾಡುವ ಮನೆಗಳಲ್ಲಿ ಕೂಸುಗಳಿಗೆ ಹೇಳಿಕೊಡುವ ಶಿಶುಪ್ರಾಸವೆಂದು ಅವರಿಗೆ ಆಗ ತಿಳಿಯುತ್ತದೆ.

ಚೀನೀ ಕಲಾವಿದ ಶು ಬಿಂಗ್ 1994ರಿಂದ 1996ರ ಅವಧಿಯಲ್ಲಿ ರೂಪಿಸಿದ ಈ ಪ್ರತಿಷ್ಠಾಪನ ಕೃತಿಯ ಹೆಸರು ‘ಚೌಕಪದ ಲಿಪಿಕಲೆಗೆ ಪ್ರವೇಶ’ ಎಂಬರ್ಥ ಕೊಡುವಂಥದು. ನಾವು ಆ ಮೇಜಿನ ಮುಂದೆ ಕುಳಿತವರಲ್ಲ. ಛಾಯಾಚಿತ್ರಗಳನ್ನೂ ತಿದ್ದುಪುಸ್ತಕದ ಪುಟಗಳ ಪ್ರತಿಯನ್ನೂ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇವೆ. ಇಂಥ ಕೃತಿಯನ್ನು ಪುಸ್ತಕದಿಂದ ಅಳೆಯುವುದು ಉಂಡೆದ್ದ ಎಲೆಯನ್ನು ನೋಡಿ ಅಡುಗೆಯ ರುಚಿ ಹೇಳಿದಂತಾಗಬಹುದು. ಆದರೂ ಕರ್ನಾಟಕದ ಹೊರಗೆ ಕುಳಿತು ಕನ್ನಡದ ಅಕ್ಷರಗಳನ್ನು ಕಲಿಸುವ ಕಾಯಕದಲ್ಲಿರುವ ನಮಗೆ ಈ ಕೃತಿಯನ್ನು ದೂರದ ಕುತೂಹಲವೆಂದು ಬದಿಗಿಡಲು ಸಾಧ್ಯವಾಗಲಿಲ್ಲ.

ಚೌಕಪದದ ರಚನೆ ಸರಳವಾದದ್ದು. ರೋಮನ್ ವರ್ಣಮಾಲೆಯ 26 ಅಕ್ಷರಗಳಲ್ಲಿ ಒಂದೊಂದಕ್ಕೂ ಚೀನೀ ಲಿಪಿಯ ಗೆರೆಗಳನ್ನು ಹೋಲುವ ಒಂದು ಬದಲಿ ರೂಪವನ್ನು ಕಲಾವಿದರು ಕಲ್ಪಿಸಿದ್ದಾರೆ. ಇಂಗ್ಲಿಷಿನ ಒಂದು ಪದದ ಅಕ್ಷರಗಳೆಲ್ಲ ಸಾಲಾಗಿ ನಿಲ್ಲದೆ ಒಂದೇ ಚೌಕದೊಳಗೆ ಅಡಕವಾಗುತ್ತವೆ. ಓದುವ ಕ್ರಮ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ. ಒಂದು ಪದ, ಒಂದು ಚೌಕ. ಇಡೀ ಪುಟವನ್ನು ದೂರದಿಂದ ನೋಡಿದರೆ ಯಾವುದೋ ಹಳೆಯ ಚೀನೀ ಲಿಪಿಕಾರನ ಹಸ್ತವೆನಿಸುತ್ತದೆ. ಚೀನೀ ಬಲ್ಲವನು ಅದನ್ನು ಓದಲಾರ. ಇಂಗ್ಲಿಷ್ ಬಲ್ಲವನು ಓದಬಲ್ಲ, ಆದರೆ ಓದಬಲ್ಲೆನೆಂಬುದು ಅವನಿಗೆ ಮೊದಲಿಗೆ ಹೊಳೆಯುವುದಿಲ್ಲ. ಚೀನೀ ಮಕ್ಕಳು ಕೆಂಪು ಮಸಿಯಲ್ಲಿ ಅಚ್ಚಾದ ಮೇಲ್ಪಂಕ್ತಿಯ ಅಕ್ಷರಗಳ ಮೇಲೆ ಕಪ್ಪು ಮಸಿಯ ಕುಂಚವನ್ನಾಡಿಸಿ ಕಲಿಯುವ ಪದ್ಧತಿಯೊಂದಿದೆ. ತಿದ್ದುಪುಸ್ತಕ ಆ ಪದ್ಧತಿಯನ್ನೇ ಅನುಸರಿಸಿದೆ.

ಈ ಉಪಾಯದ ಹಿಂದಿರುವ ಬಾಲ್ಯವನ್ನು ಗಮನಿಸದೆ ಮುಂದೆ ಹೋಗುವುದು ಸರಿಯಲ್ಲ. ಶು ಬಿಂಗ್ ಹುಟ್ಟಿದ್ದು 1955ರಲ್ಲಿ. ತಂದೆ ಪೆಕಿಂಗ್ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿದ್ದವರು; ತಾಯಿ ಅಲ್ಲಿಯೇ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿದ್ದರು. ಓದು ಬರುವ ಮೊದಲೇ ಪುಸ್ತಕಗಳ ನಡುವೆ ಬೆಳೆದ ಮಗು ಇದು. ದಿನಕ್ಕೊಂದು ಪುಟ ಅಕ್ಷರ ಬರೆಯಬೇಕೆಂಬುದು ತಂದೆಯ ಕಟ್ಟಳೆಯಾಗಿತ್ತು. ಚೀನೀ ಸರ್ಕಾರ ಲಿಪಿಯ ಸರಳೀಕರಣದ ಯೋಜನೆಯನ್ನು ಪ್ರಕಟಿಸಿದ್ದು 1956ರಲ್ಲಿ, ಅಂದರೆ ಮಗು ತೊದಲುತ್ತಿದ್ದ ಕಾಲದಲ್ಲಿ. ಆ ತಲೆಮಾರಿನವರು ಕಲಿತ ಅಕ್ಷರವನ್ನು ಮರೆತು ಹೊಸತನ್ನು ಕಲಿಯಬೇಕಾಯಿತು. 1977ರಲ್ಲಿ ಇನ್ನೊಂದು ಸುತ್ತಿನ ಸರಳೀಕರಣ ಬಂದು 1986ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ತಂದೆ ಪ್ರತಿಗಾಮಿಯೆಂಬ ಆರೋಪಕ್ಕೆ ಗುರಿಯಾದರು. ಅವರು ತಿದ್ದಿಸಿದ್ದ ಅಂದವಾದ ಕೈಬರಹ ಮಗನನ್ನು ದೊಡ್ಡಕ್ಷರದ ಭಿತ್ತಿಪತ್ರಗಳ ಬರಹಗಾರನನ್ನಾಗಿಸಿತು. ಅಕ್ಷರವೆಂಬುದು ಶಾಶ್ವತವಾದದ್ದೆಂದು, ‘ಕ್ಷರವಲ್ಲದ್ದು’ ಎಂದು ನಾವು ವ್ಯುತ್ಪತ್ತಿ ಹೇಳಿಕೊಂಡು ಬಂದಿದ್ದೇವೆ. ಆ ಹುಡುಗ ಕಂಡದ್ದು ಆದೇಶದಿಂದ ಕ್ಷರವಾಗುವ ಅಕ್ಷರವನ್ನು.

ಆತನ ಮೊದಲ ದೊಡ್ಡ ಕೃತಿ ‘ಆಕಾಶದ ಪುಸ್ತಕ’ವನ್ನು ಈ ಹಿನ್ನೆಲೆಯಲ್ಲಿ ಓದಬೇಕು. 1987ರಲ್ಲಿ ಆರಂಭವಾಗಿ 1991ರವರೆಗೆ ಬೆಳೆದ, 1988ರಲ್ಲಿ ಬೀಜಿಂಗಿನಲ್ಲಿ ಮೊದಲು ಪ್ರದರ್ಶಿತವಾದ ಈ ಕೃತಿಗಾಗಿ ಸುಮಾರು 4,000 ಅಕ್ಷರಗಳನ್ನು ಮರದ ಅಚ್ಚುಗಳಲ್ಲಿ ಕೈಯಿಂದ ಕೊರೆಯಲಾಯಿತು. ಅವುಗಳಲ್ಲಿ ಒಂದೂ ನಿಜವಾದ ಅಕ್ಷರವಲ್ಲ. ಹೊಲಿದ ಗ್ರಂಥಗಳು ನೆಲದ ಮೇಲೆ, ಉದ್ದನೆಯ ಸುರುಳಿಗಳು ಮಾಡಿನಿಂದ ಇಳಿಬಿದ್ದಂತೆ. ಪಂಡಿತ ಪಾಮರರಿಬ್ಬರಿಗೂ ಸಮನಾಗಿ ಅರ್ಥಹೀನ. ಅಲ್ಲಿ ಯಾರೂ ಓದಲಾರರು; ಚೌಕಪದದಲ್ಲಿ ಓದಲಾರೆನೆಂದುಕೊಂಡವರು ಓದುತ್ತಾರೆ. ಈ ಎರಡರ ನಡುವೆ 1990ರಲ್ಲಿ ನಡೆದ ಅಮೆರಿಕದ ಪ್ರಯಾಣವಿದೆ. ಮೂವತ್ತೈದರ ವಯಸ್ಸಿನಲ್ಲಿ, ತನ್ನ ದೇಶದಲ್ಲಿ ಹೆಸರಾಂತ ಕಲಾವಿದನಾಗಿದ್ದವನು, ಹೊಸ ನಾಡಿನಲ್ಲಿ ಮಾತು ಬಾರದ ಮಗುವಾಗಿ ನಿಂತ. ಮರುವರ್ಷ, ಅಂದರೆ 1991ರಲ್ಲಿ, ಇಂಗ್ಲಿಷ್ ವರ್ಣಮಾಲೆಯ ಮೊದಲ ಮೂರು ಅಕ್ಷರಗಳನ್ನೇ ಹೆಸರಾಗಿ ಉಳ್ಳ ಸಣ್ಣ ಕೃತಿಯೊಂದನ್ನು ಸುಟ್ಟ ಮಣ್ಣಿನ ಅಚ್ಚುಗಳಲ್ಲಿ ಮಾಡಿದ. 26 ಅಕ್ಷರಗಳ ಉಚ್ಚಾರವನ್ನು ಚೀನೀ ಅಕ್ಷರಗಳಲ್ಲಿ ಹಿಡಿಯಹೋದಾಗ 38 ಅಚ್ಚುಗಳು ಬೇಕಾದವು. ‘ಡಬ್ಲ್ಯೂ’ ಎಂಬ ಒಂದನ್ನು ಹೇಳುವುದಕ್ಕೇ ಒಂದಕ್ಕಿಂತ ಹೆಚ್ಚು. ‘ಎ’ಗೆ ಸಿಕ್ಕಿದ ಅಕ್ಷರದ ಅರ್ಥ ‘ಶೋಕ’. ವರ್ಣಮಾಲೆಯ ಬಾಗಿಲಲ್ಲೇ ಶೋಕ ನಿಂತಿರುವುದನ್ನು ಆಕಸ್ಮಿಕವೆಂದು ಬೇಕಾದರೆ ಹೇಳಬಹುದು. ಪರಭಾಷೆಯ ಮೊದಲ ಪಾಠವನ್ನು ವಯಸ್ಸಾದ ಮೇಲೆ ಕಲಿತವರು ಹಾಗೆ ಹೇಳಲಾರರು. ಈ ಚಿಕ್ಕ ಕೃತಿಗೆ ವಿಮರ್ಶಕರು ಕೊಡುವ ಗಮನ ಸಾಲದೆಂಬುದು ನಮ್ಮ ಅಭಿಪ್ರಾಯ.

ಇನ್ನು ಕನ್ನಡದ ಕಡೆಗೆ. ಚೌಕಪದವನ್ನು ಕಂಡ ಪಾಶ್ಚಾತ್ಯ ನೋಡುಗನಿಗೆ ಆಗುವ ಬೆರಗು ಕನ್ನಡಿಗನಿಗೆ ಅಷ್ಟಾಗಿ ಆಗಲಾರದು. ಅಕ್ಷರಗಳನ್ನು ಸಾಲಿನಲ್ಲಿ ನಿಲ್ಲಿಸದೆ ಒಂದರ ಕೆಳಗೊಂದು, ಒಂದರ ತಲೆಯ ಮೇಲೊಂದು ಪೇರಿಸುವ ವಿದ್ಯೆ ನಮ್ಮ ಮಕ್ಕಳಿಗೆ ಒಂದನೆಯ ತರಗತಿಯಲ್ಲೇ ಪರಿಚಿತ. ‘ಸ್ಪ್ರಿಂಗ್’ ಎಂಬ ಇಂಗ್ಲಿಷ್ ಪದವನ್ನೇ ಕನ್ನಡದಲ್ಲಿ ಬರೆದು ನೋಡೋಣ. ಸಕಾರದ ಕೆಳಗೆ ಪಕಾರ ಒತ್ತಾಗಿ ಇಳಿಯುತ್ತದೆ, ಅದರ ಬಳಿ ರಕಾರದ ಒತ್ತು. ಮೇಲೆ ಗುಡಿಸು, ಪಕ್ಕದಲ್ಲಿ ಸೊನ್ನೆ. ಇಕಾರ ಕೇಳಿಸುವುದು ರಕಾರವಾದ ಮೇಲೆ. ಕಾಣಿಸುವುದು ಸಕಾರದ ನೆತ್ತಿಯ ಮೇಲೆ. ‘ಸೂರ್ಯ’ ಎಂದು ಬರೆಯುವಾಗ ಮೊದಲು ಕೇಳುವ ರಕಾರ ಅರ್ಕಾವೊತ್ತಾಗಿ ಯಕಾರದ ಆಚೆಗೆ ಹೋಗಿ ಕೂರುತ್ತದೆ. ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಇನ್ನೊಂದು ಎಂಬ ಅರಿವು ನಮ್ಮ ಲಿಪಿಯೊಳಗೇ ಹುದುಗಿದೆ. ಅದು ನಮಗೆ ಅಭ್ಯಾಸವಾಗಿಹೋಗಿರುವುದರಿಂದ ಕಾಣುವುದಿಲ್ಲ. ಕನ್ನಡವನ್ನು ಹೊಸದಾಗಿ ಕಲಿಯುವವರು ಎಡವುವುದು ಅಲ್ಲಿಯೇ.

ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸಬೇಕು, ಮುಂದಿನದು ವ್ಯತ್ಯಾಸ. ಕನ್ನಡ ಇಂಗ್ಲಿಷ್ ಪದವನ್ನು ಬರೆದುಕೊಳ್ಳುವುದು ಕಿವಿಯಿಂದ. ಇರುಳಿಗೂ ಅಶ್ವಾರೋಹಿ ಯೋಧನಿಗೂ ಇಂಗ್ಲಿಷಿನಲ್ಲಿ ಕಾಗುಣಿತ ಬೇರೆಯಾದರೂ ನಮ್ಮ ಲಿಪಿಯಲ್ಲಿ ಎರಡೂ ‘ನೈಟ್’. ಉಚ್ಚರಿಸದ ಅಕ್ಷರಗಳನ್ನು ನಾವು ಹೊಸ್ತಿಲಲ್ಲೇ ಬಿಟ್ಟು ಪದವನ್ನು ಒಳಕ್ಕೆ ಕರೆದುಕೊಳ್ಳುತ್ತೇವೆ. ಶು ಬಿಂಗ್ ಹಾಗೆ ಮಾಡುವುದಿಲ್ಲ. ಇಂಗ್ಲಿಷಿನ ಒಂದಕ್ಷರವನ್ನೂ, ಉಚ್ಚರಿಸದ ಅಕ್ಷರವನ್ನೂ ಅವರು ಕಳೆಯುವುದಿಲ್ಲ. ಎಲ್ಲಕ್ಕೂ ಚೀನೀ ಉಡುಪು ತೊಡಿಸಿ ಚೌಕದಲ್ಲಿ ಕೂರಿಸುತ್ತಾರೆ. ಅಂದರೆ ಚೌಕಪದ ಲಿಪ್ಯಂತರವಲ್ಲ, ಅನುವಾದವಂತೂ ಅಲ್ಲ, ಅದು ವೇಷ. 1920ರ ದಶಕದಲ್ಲಿ ಬಿ.ಎಂ.ಶ್ರೀ. ‘ಇಂಗ್ಲಿಷ್ ಗೀತಗಳು’ ಮೂಲಕ ಮಾಡಿದ ಕೆಲಸ ಇದಕ್ಕೆ ತೀರ ವಿರುದ್ಧವಾದದ್ದು: ಅಲ್ಲಿ ಇಂಗ್ಲಿಷಿನ ಪದವೆಲ್ಲ ಹೋಗಿ ಭಾವ ಮತ್ತು ಲಯ ಕನ್ನಡದಲ್ಲಿ ಮರುಹುಟ್ಟು ಪಡೆದವು. ಮಕ್ಕಳಿಗಾಗಿಯೇ ಕುವೆಂಪು ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಬ್ರೌನಿಂಗ್ ಕವಿಯ ಜರ್ಮನಿಯ ಊರು ತುಂಗಾತೀರಕ್ಕೆ ಬಂದು ನೆಲೆಸಿತು, ಎಷ್ಟರಮಟ್ಟಿಗೆಂದರೆ ಅದು ಬೇರೊಂದು ಊರಾಗಿತ್ತೆಂಬುದು ಓದಿದ ಮಗುವಿಗೆ ಎಂದೂ ತಿಳಿಯಬೇಕಾಗಿಲ್ಲ. ಕಿಂದರಿಜೋಗಿಯಲ್ಲಿ ಒಳಗೂ ಹೊರಗೂ ಕನ್ನಡವೇ. ಚೌಕಪದದಲ್ಲಿ ಒಳಗೆ ಇಂಗ್ಲಿಷ್, ಹೊರಗೆ ಮಾತ್ರ ಚೀನೀ.

ನಮ್ಮ ಆಕ್ಷೇಪವೂ ಇಲ್ಲಿಂದಲೇ ಆರಂಭವಾಗುತ್ತದೆ. ಈ ತರಗತಿಯಲ್ಲಿ ಕುಳಿತವನು ಚೀನೀ ಕಲಿಯುವುದಿಲ್ಲ. ಒಂದು ಗಂಟೆಯ ಕೊನೆಗೆ ಆತನಿಗೆ ಒಂದು ಚೀನೀ ಪದವೂ ಬಂದಿರುವುದಿಲ್ಲ. ಬದಲಾಗಿ, ಚೀನೀ ಎಂದು ತಾನು ಅಂಜಿದ್ದು ತನ್ನ ಇಂಗ್ಲಿಷೇ ಆಗಿತ್ತೆಂಬ ಸಮಾಧಾನ ದೊರೆತಿರುತ್ತದೆ. ಪರಭಾಷೆಯ ಕದ ತಟ್ಟಿದವನಿಗೆ ಅವನ ಮನೆಯ ಕೋಣೆಯನ್ನೇ ತೆರೆದು ತೋರಿಸಿದಂತಾಯಿತು. ಇಂಗ್ಲಿಷ್ ಬಾರದ ಚೀನೀ ರೈತ ಆ ಮೇಜಿನ ಮುಂದೆ ಕುಳಿತರೆ ತನ್ನ ಲಿಪಿಯ ಗೆರೆಗಳಿಂದಲೇ ಕಟ್ಟಿದ ಗೋಡೆಗೆ ಅವನು ಹಣೆ ಬಡಿದುಕೊಳ್ಳಬೇಕು. ಇಂಗ್ಲಿಷಿನ ಯಜಮಾನಿಕೆಯನ್ನು ಈ ಕೃತಿ ಪ್ರಶ್ನಿಸುತ್ತದೆಯೋ, ಅದಕ್ಕೊಂದು ರೇಷ್ಮೆಯ ನಿಲುವಂಗಿ ಹೊಲಿದುಕೊಡುತ್ತದೆಯೋ ಎಂಬ ಸಂಶಯ ನಮ್ಮನ್ನು ಬಹುಕಾಲ ಕಾಡಿತು. 1999ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಮುಂದೆ ‘ಕಲೆ ಜನತೆಗಾಗಿ’ ಎಂಬ ಮಾವೋ ಮೂಲದ ಘೋಷಣೆಯನ್ನು ಇಂಗ್ಲಿಷಿನಲ್ಲಿ, ಚೌಕಪದದಲ್ಲಿ ಬರೆದ ದೊಡ್ಡ ಪತಾಕೆಯನ್ನು ಶು ಬಿಂಗ್ ತೂಗುಬಿಟ್ಟರು. ಬೀದಿಯಲ್ಲಿ ಹೋಗುವ ಅಮೆರಿಕನ್ನನಿಗೆ ಅದು ಚೀನೀ, ಚೀನೀ ವಲಸಿಗನಿಗೆ ಅದು ಯಾವುದೂ ಅಲ್ಲ. ಯಾವ ಜನತೆಗಾಗಿ ಎಂಬ ಪ್ರಶ್ನೆ ಆ ಪತಾಕೆಯ ಮೇಲೆಯೇ ಗಾಳಿಗೆ ಹಾರಾಡುತ್ತಿತ್ತು. ಕಲಾವಿದರು ಆ ವ್ಯಂಗ್ಯವನ್ನು ಅರಿಯದವರಲ್ಲ. ಆದರೆ ವ್ಯಂಗ್ಯವನ್ನು ಅರಿತಿರುವುದು ಅದರಿಂದ ಬಿಡುಗಡೆ ಪಡೆದಂತೆ ಆಗುವುದಿಲ್ಲ.

ಇಷ್ಟಾದರೂ ತರಗತಿಯನ್ನು ನಾವು ತಳ್ಳಿಹಾಕದಿರುವುದಕ್ಕೆ ಕಾರಣ ಕಣ್ಣಿನದಲ್ಲ, ಕೈಯದು. ನಮ್ಮ ಅಲಂಕಾರಶಾಸ್ತ್ರ ಅಕ್ಷರಗಳ ಜೋಡಣೆಯಿಂದಲೇ ಚಮತ್ಕಾರ ಹುಟ್ಟಿಸುವ ಚಕ್ರಬಂಧ, ಪದ್ಮಬಂಧಗಳಂಥ ರಚನೆಗಳನ್ನು ಚಿತ್ರಕಾವ್ಯವೆಂದು ಕರೆಯಿತು. ಮಮ್ಮಟ ಚಿತ್ರಕಾವ್ಯವನ್ನು ಕಾವ್ಯದ ಮೂರು ತರಗತಿಗಳಲ್ಲಿ ಕಡೆಯದಕ್ಕೆ ಇಳಿಸಿದ, ಏಕೆಂದರೆ ಅಲ್ಲಿ ಧ್ವನಿಯಿಲ್ಲ. ಶು ಬಿಂಗ್ ಮುಂದೆ 1999ರಲ್ಲಿ ಯೇಟ್ಸ್ ಕವಿಯ ಕವನವೊಂದನ್ನು ಚೌಕಪದದಲ್ಲಿ ಬರೆದಿದ್ದಾರೆ. ಸೊಗಸಾದ ಸುರುಳಿ, ಗೋಡೆಗೆ ಒಪ್ಪುವಂಥದು. ಅದನ್ನು ಮಮ್ಮಟನ ಕೊನೆಯ ಬೆಂಚಿನಲ್ಲಿ ಕೂರಿಸಲು ನಮಗೆ ಸಂಕೋಚವಿಲ್ಲ. ಯೇಟ್ಸನ ಕವನಕ್ಕೆ ಆ ವೇಷದಿಂದ ಏನೂ ಕೂಡಲಿಲ್ಲ. ಶಿಶುಪ್ರಾಸಗಳ ವಿಷಯ ಹಾಗಲ್ಲ. ಶಿಶುಪ್ರಾಸಕ್ಕೆ ಮೊದಲೇ ಅರ್ಥದ ಹಂಗು ಕಡಿಮೆ. ಮಗು ಅದನ್ನು ಕಲಿಯುವುದು ಅರ್ಥವಾಗುವ ಮೊದಲು, ಬಾಯಿಂದ ಬಾಯಿಗೆ, ಮಡಿಲಲ್ಲಿ ತೂಗಿಸಿಕೊಳ್ಳುತ್ತ. ದೊಡ್ಡವನಾದ ಮೇಲೆ ಅದನ್ನು ಯಾರೂ ಓದುವುದಿಲ್ಲ, ಬರೆಯುವುದಂತೂ ಇಲ್ಲವೇ ಇಲ್ಲ. ಅಂಥ ಪ್ರಾಸವನ್ನು ಒಂದೊಂದೇ ಗೆರೆಯಾಗಿ, ಕೈ ನಡುಗುತ್ತ, ಮಸಿ ಚೆಲ್ಲುತ್ತ ಬರೆಯುವಾಗ ಹಿರಿಯನೊಬ್ಬ ತಾನು ಎರಡು ಸಲ ಮಗುವಾಗುತ್ತಾನೆ: ಕೈಯಲ್ಲಿ ಅಕ್ಷರ ಬಾರದ ಮಗು, ಕಿವಿಯಲ್ಲಿ ಪ್ರಾಸ ಬಲ್ಲ ಮಗು. ಬಾಲ್ಯದಲ್ಲಿ ಇವೆರಡರ ನಡುವೆ ಮೂರು ನಾಲ್ಕು ವರ್ಷಗಳ ಅಂತರವಿರುತ್ತದೆ. ಇಲ್ಲಿ ಅವು ಒಂದೇ ಕುರ್ಚಿಯಲ್ಲಿ ಕೂರುತ್ತವೆ. ಧ್ವನಿಯೆಂಬುದು ಈ ಕೃತಿಯಲ್ಲಿ ಇದ್ದರೆ ಇಲ್ಲಿದೆ.

ಇದೇ ದಾರಿಯಲ್ಲಿ ಯೋಚಿಸಿದಾಗ ನಮ್ಮ ಕಾಗುಣಿತದ ಪಠನ ನೆನಪಾಗುತ್ತದೆ. ಕಕಾರಕ್ಕೆ ತಲೆಕಟ್ಟು, ಇಳಿ, ಗುಡಿಸು, ಕೊಂಬು ಎಂದು ಮಕ್ಕಳು ಒಕ್ಕೊರಲಿನಿಂದ ರಾಗವಾಗಿ ಹೇಳಿಕೊಳ್ಳುತ್ತಿದ್ದುದು ಕನ್ನಡ ಮಗುವಿನ ಮೊದಲ ಪದ್ಯವೆಂದು ಯಾವ ಸಾಹಿತ್ಯಚರಿತ್ರೆಯೂ ದಾಖಲಿಸಿಲ್ಲ. ಅದರಲ್ಲಿ ಲಯವಿದೆ, ಪುನರಾವೃತ್ತಿಯಿದೆ, ಸಾಮೂಹಿಕ ಗಾಯನವಿದೆ. ಅದರ ವಸ್ತು ಅಕ್ಷರದ ನಿರ್ಮಾಣವಲ್ಲದೆ ಬೇರೇನೂ ಅಲ್ಲ. ಪಂಜೆ ಮಂಗೇಶರಾಯರೂ ಜಿ.ಪಿ. ರಾಜರತ್ನಂ ಅವರೂ ಮಕ್ಕಳಿಗಾಗಿ ಬರೆಯುವ ಹೊತ್ತಿಗೆ ಆ ಕಿವಿಗಳನ್ನು ಮಗ್ಗಿ ಮತ್ತು ಕಾಗುಣಿತಗಳ ರಾಗ ಹದಮಾಡಿಟ್ಟಿತ್ತೆಂಬುದು ನಮ್ಮ ಊಹೆ. ಶಿಶುಸಾಹಿತ್ಯವನ್ನು ಕುರಿತ ಸಂಶೋಧನೆ ಈ ದಿಕ್ಕಿನಲ್ಲಿ ಇನ್ನೂ ನಡೆಯಬೇಕಾಗಿದೆ. ಅಕ್ಕಿಯ ತಟ್ಟೆಯಲ್ಲಿ ಮಗುವಿನ ತೋರುಬೆರಳನ್ನು ಹಿಡಿದು ತಿದ್ದಿಸುವ ಅಕ್ಷರಾಭ್ಯಾಸ, ಮರಳಿನ ಮೇಲಿನ ತಿದ್ದಾಟ, ಸ್ಲೇಟಿನ ಮೇಲೆ ಬರೆದುಕೊಟ್ಟ ಅಕ್ಷರದ ಮೇಲೆ ಬಳಪ ದಪ್ಪವಾಗಿ ಮೂಡುವವರೆಗೆ ಮತ್ತೆ ಮತ್ತೆ ಆಡಿಸುವುದು, ಇವೆಲ್ಲ ಚೀನೀ ಕೆಂಪು ಮೇಲ್ಪಂಕ್ತಿಯ ದಾಯಾದಿಗಳೇ. ಒಬ್ಬರ ಕೈಯ ಜಾಡಿನಲ್ಲಿ ಇನ್ನೊಬ್ಬರ ಕೈ ನಡೆದು ಭಾಷೆಯೊಳಕ್ಕೆ ಬರುತ್ತದೆ.

ಆದರೆ ಆ ತರಗತಿಗಳಲ್ಲಿ ಬೆತ್ತವೂ ಇತ್ತು. ಶು ಬಿಂಗ್ ಅವರ ತರಗತಿಯಲ್ಲಿ ಅದಿಲ್ಲ. ತಪ್ಪಿದವನ ಕೈಗೆ ಪೆಟ್ಟಿಲ್ಲ, ಹಿಂದೆ ಬಿದ್ದವನನ್ನು ನೋಡಿ ನಗುವವರಿಲ್ಲ, ಬೇಸರ ಬಂದರೆ ಎದ್ದು ಹೋಗಬಹುದು. ಕೃತಿಯ ದೌರ್ಬಲ್ಯ ಯಾವುದೆಂದು ಕೇಳಿದರೆ ನಾವು ಮೊದಲು ಹೇಳುವುದು ಇದನ್ನೇ. ಅಕ್ಷರದ ಹಿಂದಿನ ಬಲವನ್ನು, ಬಲಾತ್ಕಾರವನ್ನು, ತನ್ನ ಬಾಲ್ಯದಲ್ಲಿ ಇಷ್ಟು ಹತ್ತಿರದಿಂದ ಕಂಡ ಕಲಾವಿದ ಅದರ ನೆರಳನ್ನೂ ತರಗತಿಯೊಳಕ್ಕೆ ಬಿಡದಿರುವುದು ಔದಾರ್ಯವಿರಬಹುದು. ಅದರಿಂದ ಕೃತಿ ಹಗುರವಾಗಿದೆ. ಈ ಮಾತಿಗೆ ಪ್ರತಿಯಾಗಿ ಮುಂಬಯಿಯ ಶಿಲ್ಪಾ ಗುಪ್ತಾ ಅವರು 2017-18ರಲ್ಲಿ ರಚಿಸಿದ, ‘ನಿನ್ನ ನಾಲಿಗೆಯಲ್ಲಿ ನಾನು ಹಿಡಿಸಲಾರೆ’ ಎಂಬರ್ಥದ ಶೀರ್ಷಿಕೆಯ ಧ್ವನಿಪ್ರತಿಷ್ಠಾಪನವನ್ನು ನೆನೆಯಬಹುದು. ಬರೆದದ್ದಕ್ಕಾಗಿ ಸೆರೆಗೆ ಹೋದ 100 ಕವಿಗಳ ಸಾಲುಗಳು ಅಲ್ಲಿ ಮೊನಚು ಕಂಬಿಗಳಿಗೆ ಚುಚ್ಚಿದ ಹಾಳೆಗಳಲ್ಲಿವೆ; ಮೇಲೆ ತೂಗುವ ಮೈಕ್ರೋಫೋನುಗಳು ಮಾತನ್ನು ಕೇಳಿಸಿಕೊಳ್ಳುವ ಬದಲು ತಾವೇ ಮಾತನಾಡುತ್ತವೆ, ಹಲವು ಭಾಷೆಗಳಲ್ಲಿ. ಕೇಳುವವನಿಗೆ ಬಾರದ ಭಾಷೆ ಅಲ್ಲಿ ಬಾರದ ಭಾಷೆಯಾಗಿಯೇ ಉಳಿಯುತ್ತದೆ. ಆ ಕೃತಿ ಯಾರನ್ನೂ ಸಮಾಧಾನಪಡಿಸುವುದಿಲ್ಲ. ಅದರಲ್ಲಿ ಬಾಲ್ಯವೂ ಇಲ್ಲ, ಆಟವೂ ಇಲ್ಲ. ಎರಡನ್ನೂ ತೂಗಿ ನೋಡಿದರೆ ಗುಪ್ತಾ ಅವರ ಕೃತಿ ನಮ್ಮ ಮನಸ್ಸಿನಲ್ಲಿ ಹೆಚ್ಚು ಆಳಕ್ಕಿಳಿಯುತ್ತದೆಂದು ಒಪ್ಪಬೇಕು. ಆದರೆ ನಮ್ಮ ಕೆಲಸಕ್ಕೆ ಹೆಚ್ಚು ಪಾಠ ದೊರೆತದ್ದು ಶು ಬಿಂಗ್ ಅವರಿಂದ.

ಆ ಪಾಠವೇನೆಂಬುದನ್ನು ಹೇಳುವ ಮುನ್ನ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಈ ನಗರದಲ್ಲಿ ಹುಟ್ಟಿ ಬೆಳೆಯುತ್ತಿರುವ ಕನ್ನಡ ಮಕ್ಕಳಿಗೆ ಭಾನುವಾರದ ತರಗತಿಯೊಂದರಲ್ಲಿ ನಾವು ಕೆಲಕಾಲ ಅಕ್ಷರ ಕಲಿಸುತ್ತಿದ್ದೆವು. ಈ ಮಕ್ಕಳು ಮನೆಯಲ್ಲಿ ಅಜ್ಜಿಯೊಡನೆ ಕನ್ನಡ ಆಡುತ್ತಾರೆ, ಶಾಲೆಯಲ್ಲಿ ದೇವನಾಗರಿಯನ್ನೂ ರೋಮನ್ನನ್ನೂ ಬರೆಯುತ್ತಾರೆ. ಕನ್ನಡ ಲಿಪಿ ಅವರಿಗೆ ಮೂರನೆಯದಾಗಿ ಬರುತ್ತದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ಅಜ್ಜಿ ಹೇಳಿಕೊಟ್ಟ ತೊಟ್ಟಿಲ ಪದವೊಂದನ್ನು ತಾನೇ ಕನ್ನಡದಲ್ಲಿ ಬರೆದು ತಂದಳು. ಅಕ್ಷರಗಳು ದುಂಡಗಿದ್ದವು, ಒತ್ತುಗಳೂ ಬಹುಪಾಲು ಸರಿಯಿದ್ದವು. ಆದರೆ ಪ್ರತಿಯೊಂದು ಪದದ ತಲೆಯ ಮೇಲೂ ಈ ತುದಿಯಿಂದ ಆ ತುದಿಯವರೆಗೆ ಒಂದು ಗೆರೆ ಎಳೆದಿದ್ದಳು, ಹಿಂದಿಯಲ್ಲಿ ಎಳೆಯುವಂತೆ. ತಂತಿಯ ಮೇಲೆ ಒಣಹಾಕಿದ ಬಟ್ಟೆಗಳಂತೆ ಕನ್ನಡದ ಅಕ್ಷರಗಳು ಆ ಗೆರೆಗೆ ಜೋತಿದ್ದವು. ನಾವು ಕೆಂಪು ಮಸಿಯಲ್ಲಿ ಆ ಗೆರೆಗಳನ್ನೆಲ್ಲ ಹೊಡೆದುಹಾಕಿ, ಇದು ಕನ್ನಡವಲ್ಲ ಎಂದೆವು. ಅವಳು, “ಓದೋಕೆ ಬರತ್ತಲ್ಲ ಸರ್?” ಎಂದಳು. ನಿಜ; ಓದಲು ಬರುತ್ತಿತ್ತು. ನಾವು ಅದನ್ನು ಅಡೆತಡೆಯಿಲ್ಲದೆ ಓದಿದ್ದೆವು.

ಚೌಕಪದದ ಪುಟಗಳು ಕಣ್ಣಿಗೆ ಬಿದ್ದದ್ದು ಅದಾದ ಬಹಳ ದಿನಗಳ ಮೇಲೆ. ಒಂದು ಭಾಷೆಯ ಒಳಗನ್ನು ಕೆಡಿಸದೆ ಅದಕ್ಕೆ ಇನ್ನೊಂದರ ಮೈ ಕೊಟ್ಟದ್ದಕ್ಕಾಗಿ ಜಗತ್ತಿನ ಸಂಗ್ರಹಾಲಯಗಳು ಮನ್ನಿಸಿದ ಕಲಾವಿದ ಮಾಡಿದ್ದನ್ನೇ ಆ ಹುಡುಗಿ ತಿಳಿಯದೆ ಮಾಡಿದ್ದಳು. ಅವಳ ಬರಹದಲ್ಲಿ ಒಳಗೆ ಅಜ್ಜಿಯ ಕನ್ನಡ, ಹೊರಗೆ ನಗರದ ಗೆರೆ. ಹಾಗೆಂದು ಅವಳ ಗೆರೆಯನ್ನು ಹಾಗೆಯೇ ಬಿಡಬೇಕಾಗಿತ್ತೆಂದು ನಾವು ವಾದಿಸುತ್ತಿಲ್ಲ. ತಲೆಕಟ್ಟು ಅಕ್ಷರ ಅಕ್ಷರಕ್ಕೂ ಬೇರೆ ಎಂಬುದು ಕನ್ನಡದ ನಿಯಮ. ಬರೆಯುವವರೆಲ್ಲ ಒಪ್ಪಿದ ನಿಯಮವಿಲ್ಲದೆ ಲಿಪಿಯಿಲ್ಲ, ಹಳೆಯ ನಿಯಮ ನೆಟ್ಟಗಿದ್ದುದರಿಂದಲೇ ಶು ಬಿಂಗ್ ಅವರ ವೇಷವೂ ವೇಷವಾಗಿ ಕಂಡಿತು. ಆದರೆ ಕಲಾವಿದನ ವೇಷಕ್ಕೂ ಮಗುವಿನ ತಪ್ಪಿಗೂ ನಡುವೆ ನಾವು ಗೀಚಿದ ಕೆಂಪುಗೆರೆ ಯಾವ ಆಧಾರದ ಮೇಲೆ ಎಳೆದದ್ದೆಂಬುದಕ್ಕೆ ನಮ್ಮ ಬೋಧನಾಕ್ರಮದಲ್ಲಿ ಉತ್ತರವಿಲ್ಲ. ತಿದ್ದುವುದು ಎಂಬ ಕನ್ನಡ ಪದಕ್ಕೆ ಎರಡು ಅರ್ಥಗಳಿವೆ: ಬರೆದ ಅಕ್ಷರದ ಮೇಲೆ ಕೈಯಾಡಿಸಿ ಕಲಿಯುವುದು, ತಪ್ಪನ್ನು ಸರಿಪಡಿಸುವುದು. ಮೊದಲನೆಯದರಲ್ಲಿ ಕೆಂಪು ಕೆಳಗಿರುತ್ತದೆ, ಮಗುವಿನ ಕಪ್ಪು ಮೇಲೆ. ಎರಡನೆಯದರಲ್ಲಿ ಮಗುವಿನ ಕಪ್ಪು ಕೆಳಗೆ, ನಮ್ಮ ಕೆಂಪು ಮೇಲೆ. ಚೀನೀ ತಿದ್ದುಪುಸ್ತಕವನ್ನು ತಿರುವುವವರೆಗೆ ಈ ವ್ಯತ್ಯಾಸ ನಮ್ಮ ಗಮನಕ್ಕೆ ಬಂದಿರಲಿಲ್ಲ.

ಆ ಹುಡುಗಿ ಮುಂದಿನ ಭಾನುವಾರವೂ ಬಂದಳು. ಪುಸ್ತಕದಲ್ಲಿ ಗೆರೆಗಳು ಇರಲಿಲ್ಲ. ತಲೆಕಟ್ಟುಗಳು ಬಿಡಿಬಿಡಿಯಾಗಿ, ಅಚ್ಚುಕಟ್ಟಾಗಿ ಇದ್ದವು. ಬರೆದು ತಂದದ್ದು ಪಾಠಪುಸ್ತಕದ ವಾಕ್ಯಗಳನ್ನು. ತೊಟ್ಟಿಲ ಪದದ ಉಳಿದ ಭಾಗವನ್ನು ಬರೆಯಲಿಲ್ಲವೇ ಎಂದು ಕೇಳಿದ್ದಕ್ಕೆ, ಅದು ಬರೆಯುವುದಲ್ಲ, ಅಜ್ಜಿ ಹೇಳುವುದು ಎಂದಳು.